ಬೀಳಗಿಯಿಂದ ಬೆಳ್ಳಿತೆರೆಗೆ: ಅಮೀರಬಾಯಿ ಕರ್ನಾಟಕಿ

ಹಳೆಯ ಹಾಲಿವುಡ್ ಚಿತ್ರಗಳನ್ನು ಪ್ರೀತಿಸುವವರಿಗೆ ಕಾರ್ಮೆನ್ ಮಿರಾಂಡ ಅಪರಿಚಿತರಲ್ಲ. ತಲೆಯ ಮೇಲೆ ಹಣ್ಣುಗಳನ್ನು ಪೇರಿಸಿದಂಥ ಟೋಪಿ ಧರಿಸಿ, ಕುಣಿಯುತ್ತ ಹಾಡುವ ಅವರ ಕಪ್ಪು ಬಿಳುಪಿನ ಭಾವಚಿತ್ರಗಳು ಇಂದಿಗೂ ಸಂಗ್ರಾಹಕರ ಗೋಡೆಗಳನ್ನು ಅಲಂಕರಿಸಿವೆ. 1945ರ 'ಡಾಲ್ ಫೇಸ್' ಚಿತ್ರದಲ್ಲಿ ಅವರು ಹಾಡಿದ 'ಚಿಕೊ ಚಿಕೊ' ಹಾಡಿನ ಧಾಟಿ ಸಮುದ್ರ ದಾಟಿ ಮುಂಬೈಗೆ ಬಂದಿತು. ಸಂಗೀತ ನಿರ್ದೇಶಕ ಸಿ. ರಾಮಚಂದ್ರ ಅದಕ್ಕೆ ಹಿಂದಿಯ ಉಡುಗೆ ತೊಡಿಸಿ 1950ರ 'ಸಮಾಧಿ' ಚಿತ್ರದಲ್ಲಿ ಬಳಸಿಕೊಂಡರು. 'ಗೋರೆ ಗೋರೆ' ಎಂದು ಮನೆಮಾತಾದ ಆ ಯುಗಳಗೀತೆಯಲ್ಲಿ ಒಂದು ಕಂಠ ಲತಾ ಮಂಗೇಶ್ಕರ್ ಅವರದು. ಇನ್ನೊಂದು ಕಂಠ ನಮ್ಮ ಬೀಳಗಿಯದು!

ಆ ಕಂಠದ ಒಡತಿ ಅಮೀರಬಾಯಿ ಕರ್ನಾಟಕಿ. ಹಾಡನ್ನು ಗುನುಗುವವರು ಲಕ್ಷಾಂತರ ಮಂದಿ. ಆದರೆ ಅದರಲ್ಲಿ ಕೃಷ್ಣಾ ತೀರದ ಕನ್ನಡತಿಯೊಬ್ಬರ ದನಿಯಿದೆ ಎಂಬುದನ್ನು ಬಲ್ಲವರು ಎಷ್ಟು ಮಂದಿ?

ನಾಟಕದ ಮನೆಯ ಮಗಳು

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿ ಆಗ ಮುಂಬೈ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ನೆರೆಯ ಜಮಖಂಡಿ ಮತ್ತು ಮುಧೋಳ ಸಂಸ್ಥಾನಗಳಾಗಿದ್ದವು. ರಬಕವಿ-ಬನಹಟ್ಟಿ ನೇಕಾರಿಕೆಗೆ ಹೆಸರಾದ ಅವಳಿ ಊರು. ಜಾತ್ರೆಯಿಂದ ಜಾತ್ರೆಗೆ ತಿರುಗುವ ನಾಟಕ ಕಂಪನಿಗಳು ಈ ಸೀಮೆಯ ಜನರ ಮುಖ್ಯ ಮನರಂಜನೆ. ಕನ್ನಡ ಮತ್ತು ಮರಾಠಿ ರಂಗಗೀತೆಗಳು ಇಲ್ಲಿ ಒಂದೇ ಅಂಗಳದಲ್ಲಿ ಬೆಳೆದವು, ಹಿಂದುಸ್ತಾನಿ ರಾಗಗಳು ಎರಡಕ್ಕೂ ಆಧಾರವಾಗಿದ್ದವು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಥ ಪರಿಸರದಲ್ಲಿ, ರಂಗಭೂಮಿಯ ನಂಟಿದ್ದ ಮುಸ್ಲಿಂ ಕುಟುಂಬವೊಂದರಲ್ಲಿ ಅಮೀರಬಾಯಿ ಜನಿಸಿದರು. ಸಹೋದರಿ ಗೋಹರಬಾಯಿಯೂ ಪ್ರತಿಭಾವಂತ ಗಾಯಕಿ ಮತ್ತು ನಟಿ. ಮುಂದೆ ಮರಾಠಿ ರಂಗಭೂಮಿಯ ದಂತಕಥೆಯಾದ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿ, ಅವರ ಬಾಳಸಂಗಾತಿಯೂ ಆದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಮರಾಠಿ ರಂಗಮಂಚವನ್ನೂ, ಇನ್ನೊಬ್ಬರು ಹಿಂದಿ ಚಿತ್ರರಂಗವನ್ನೂ ಬೆಳಗಿದ್ದು ಅಪರೂಪದ ಸಂಗತಿ.

ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ತೆರೆಕಂಡಿದ್ದು 1931ರಲ್ಲಿ. ಅಲ್ಲಿಂದ ಮೂರು ವರ್ಷಕ್ಕೆ, 1934ರಲ್ಲಿ, 'ವಿಷ್ಣುಭಕ್ತಿ' ಚಿತ್ರದ ಮೂಲಕ ಅಮೀರಬಾಯಿ ತೆರೆಗೆ ಬಂದರು. ಹಾಡಬಲ್ಲವರೇ ನಟಿಸಬೇಕಿದ್ದ ಕಾಲವದು. ಕಂಪನಿ ನಾಟಕದಲ್ಲಿ ಪಳಗಿದ ಕೊರಳಿಗೆ ಅವಕಾಶವಿತ್ತು, ಯಶಸ್ಸು ಮಾತ್ರ ಬೇಗ ಕೈಗೂಡಲಿಲ್ಲ. 1940ರಲ್ಲಿ ವಿಜಯ ಭಟ್ ನಿರ್ದೇಶನದ 'ನರಸಿ ಭಗತ್' ಬಂತು. ಗಾಂಧೀಜಿಯವರಿಗೆ ಪ್ರಿಯವಾದ 'ವೈಷ್ಣವ ಜನ ತೋ' ಭಜನೆಯನ್ನು ಅಮೀರಬಾಯಿ ಅದರಲ್ಲಿ ಹಾಡಿದರು. ಗುಜರಾತಿನ ಸಂತಕವಿಯ ರಚನೆ ಬೀಳಗಿಯ ಮುಸ್ಲಿಂ ಮಹಿಳೆಯ ಕಂಠದಲ್ಲಿ ದೇಶವನ್ನು ಸುತ್ತಿತು.

'ಕಿಸ್ಮತ್' ತೆರೆದ ಬಾಗಿಲು

1943ರಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' ಬಿಡುಗಡೆಯಾಯಿತು. ಅಶೋಕ್ ಕುಮಾರ್ ಮತ್ತು ಮುಮ್ತಾಜ್ ಶಾಂತಿ ಮುಖ್ಯ ಪಾತ್ರದಲ್ಲಿದ್ದ ಈ ಚಿತ್ರ ಕಲ್ಕತ್ತದ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಗಿಲಾಗಿ ಓಡಿತು. ಅನಿಲ್ ಬಿಸ್ವಾಸ್ ಅವರ ಸಂಗೀತದಲ್ಲಿ ಅಮೀರಬಾಯಿ ಹಾಡಿದ ಗೀತೆಗಳು ಈ ಯಶಸ್ಸಿನಲ್ಲಿ ದೊಡ್ಡ ಪಾಲು ಪಡೆದವು. ಕವಿ ಪ್ರದೀಪ್ ಬರೆದ ದೇಶಭಕ್ತಿ ಗೀತೆಯೊಂದು ಅವುಗಳಲ್ಲಿತ್ತು. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಜರ್ಮನಿ ಮತ್ತು ಜಪಾನನ್ನು ಹೆಸರಿಸಿದ್ದರಿಂದ ಹಾಡು ಬ್ರಿಟಿಷರ ಸೆನ್ಸಾರನ್ನು ದಾಟಿತು. ಅದು ಯಾರನ್ನು ಹೊರದಬ್ಬುತ್ತಿದೆ ಎಂಬುದು ಪ್ರೇಕ್ಷಕರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ ಆಗಿನ್ನೂ ಆರು ತಿಂಗಳೂ ತುಂಬಿರಲಿಲ್ಲ.

ಮರುವರ್ಷ ನೌಷಾದ್ ಸಂಗೀತದ 'ರತನ್', ಖೇಮಚಂದ್ ಪ್ರಕಾಶ್ ಸಂಗೀತದ 'ಭರ್ತೃಹರಿ' ಚಿತ್ರಗಳು ಅವರ ಕೀರ್ತಿಯನ್ನು ಇನ್ನಷ್ಟು ಎತ್ತರಕ್ಕೊಯ್ದವು. ಮೈಕ್ರೊಫೋನಿನ ಮುಂದೆಯೂ ರಂಗದ ಮೇಲಿನ ತುಂಬುದನಿಯನ್ನು ಉಳಿಸಿಕೊಂಡದ್ದು ಅವರ ವೈಶಿಷ್ಟ್ಯ. ಅಭಿಮಾನಿಗಳು ಅವರನ್ನು 'ಕನ್ನಡ ಕೋಗಿಲೆ' ಎಂದು ಕರೆದರು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಸ್ವತಃ ಸಂಗೀತ ನೀಡಿದರು. ಮಹಿಳಾ ಸಂಗೀತ ನಿರ್ದೇಶಕರು ಬೆರಳೆಣಿಕೆಯಷ್ಟೂ ಇಲ್ಲದಿದ್ದ ಕ್ಷೇತ್ರದಲ್ಲಿ ಇದು ಸಣ್ಣ ಸಾಧನೆಯಲ್ಲ.

ತೆರೆಯ ಹಿಂದಿನ ಬದುಕು ಅಷ್ಟು ಮಧುರವಾಗಿರಲಿಲ್ಲ. ನಟ ಹಿಮಾಲಯವಾಲಾ ಅವರೊಂದಿಗಿನ ದಾಂಪತ್ಯ ಅಮೀರಬಾಯಿಗೆ ನೋವನ್ನೇ ತಂದಿತು. ಕೊನೆಗೆ ಇಬ್ಬರೂ ಬೇರೆಯಾದರು. ದೇಶವಿಭಜನೆಯ ನಂತರ ಹಿಮಾಲಯವಾಲಾ ಪಾಕಿಸ್ತಾನದ ಚಿತ್ರರಂಗದಲ್ಲಿ ನೆಲೆ ಕಂಡುಕೊಂಡರೆ, ಅಮೀರಬಾಯಿ ಭಾರತದಲ್ಲೇ ಉಳಿದರು. ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರೊಂದಿಗಿನ ಎರಡನೆಯ ವಿವಾಹ ಅವರ ಬದುಕಿಗೆ ನೆಮ್ಮದಿ ನೀಡಿತು.

1949ರಲ್ಲಿ 'ಮಹಲ್', 'ಬರಸಾತ್' ಚಿತ್ರಗಳು ಬಂದವು. ಲತಾ ಅವರ ತೆಳುವಾದ, ನವಿರಾದ ಕಂಠ ಕೇಳುಗರ ಅಭಿರುಚಿಯನ್ನೇ ಬದಲಿಸಿತು. ರಂಗಭೂಮಿಯಿಂದ ಬಂದ ಗಡಸು ಕಂಠಗಳಿಗೆ ಬೇಡಿಕೆ ಕುಗ್ಗಿತು. ಆರಂಭದಲ್ಲಿ ಹೇಳಿದ 'ಗೋರೆ ಗೋರೆ' ಈ ಸಂಧಿಕಾಲದ ಹಾಡು. ಅಸ್ತಮಿಸುವ ಒಂದು ಶೈಲಿ, ಉದಯಿಸುವ ಇನ್ನೊಂದು ಶೈಲಿ ಅದರಲ್ಲಿ ಜೊತೆಯಾಗಿ, ನಗುನಗುತ್ತ ಹಾಡುತ್ತವೆ. ಆನಂತರ ಅಮೀರಬಾಯಿ ಪೋಷಕ ಪಾತ್ರಗಳ ಕಡೆಗೆ ಹೊರಳಿದರು.

ಹೆಸರಿನಲ್ಲೇ ಕರ್ನಾಟಕ

ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ಅಮೀರಬಾಯಿ ಕೊನೆಯುಸಿರೆಳೆದರು. ಅವರನ್ನು ಮಣ್ಣು ಮಾಡಿದ್ದು ವಿಜಾಪುರದಲ್ಲಿ. ಅದೇ ಊರಿನಲ್ಲಿ ಅವರ ಹೆಸರು ಹೊತ್ತ ಅಮೀರ್ ಟಾಕೀಸ್ ಹಲವು ತಲೆಮಾರುಗಳಿಗೆ ಸಿನಿಮಾ ತೋರಿಸಿತು. ಲೇಖಕ ರಹಮತ್ ತರೀಕೆರೆ ಅವರು ಅಮೀರಬಾಯಿಯ ಬದುಕನ್ನು ಕನ್ನಡದಲ್ಲಿ ಗ್ರಂಥರೂಪಕ್ಕೆ ತಂದಿದ್ದಾರೆ.

ಈ ಕಲಾವಿದೆಯ ಹೆಸರನ್ನು ಮತ್ತೊಮ್ಮೆ ಗಮನಿಸಬೇಕು. ಅವರು ಮುಂಬೈಯಲ್ಲಿ 'ಕರ್ನಾಟಕಿ' ಎಂದು ಪ್ರಸಿದ್ಧರಾದಾಗ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಕನ್ನಡಿಗರು ಮುಂಬೈ ಪ್ರಾಂತ, ಹೈದರಾಬಾದ್, ಮೈಸೂರು, ಮದ್ರಾಸ್ ಮತ್ತು ಸಣ್ಣಪುಟ್ಟ ಸಂಸ್ಥಾನಗಳಲ್ಲಿ ಹಂಚಿಹೋಗಿದ್ದರು. ಏಕೀಕರಣ ಆದದ್ದು 1956ರಲ್ಲಿ. ರಾಜ್ಯಕ್ಕೆ 'ಕರ್ನಾಟಕ' ಎಂಬ ನಾಮಕರಣವಾದದ್ದು 1973ರಲ್ಲಿ, ಅಂದರೆ ಅಮೀರಬಾಯಿ ತೀರಿಕೊಂಡು ಎಂಟು ವರ್ಷಗಳ ಬಳಿಕ. ನಾಡು ತನ್ನ ಹೆಸರನ್ನು ಪಡೆಯುವ ಮುನ್ನವೇ ಆ ಹೆಸರನ್ನು ಅವರು ಹೊತ್ತು ತಿರುಗಿದ್ದರು.

ಅವರ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಅರಗಿನ ಆ ತಟ್ಟೆ ಕೈಜಾರಿದರೆ ಚೂರುಚೂರು. ಸಂಗ್ರಾಹಕರು ಜೋಪಾನ ಮಾಡಿ, ಕಂಪ್ಯೂಟರಿಗೆ ಇಳಿಸಿದ್ದರಿಂದಲೇ ಅಂಥ ಎಷ್ಟೋ ಹಾಡುಗಳು ಇಂದು ಅಂತರ್ಜಾಲದಲ್ಲಿ ಸುಲಭವಾಗಿ ಕೇಳಸಿಗುತ್ತವೆ. ಹಳೆಯ ಹಾಲಿವುಡ್ಡಿನ ಚಿತ್ರ, ಛಾಯಾಚಿತ್ರ, ಹಾಡುಗಳನ್ನು ಅಕ್ಕರೆಯಿಂದ ಆರಿಸಿಕೊಳ್ಳುವ ನಗರದ ರಸಿಕರು ಕಾರ್ಮೆನ್ ಮಿರಾಂಡರ ಪಕ್ಕದಲ್ಲಿ ಬೀಳಗಿಯ ಅಮೀರಬಾಯಿಗೂ ಒಂದು ಜಾಗ ಕೊಟ್ಟರೆ ಅದು ಉಪಕಾರವಲ್ಲ, ನ್ಯಾಯ.