ಸವೆಯದ ಕೀಲನ್ನು ಹುಡುಕಿದ ವೈದ್ಯ: ಜಾನ್ ಚಾರ್ನ್ಲಿ



ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮಗ್ಗವನ್ನು ನೀವು ನೋಡಿದ್ದೀರಾ? ಲಾಳಿ ದಿನವಿಡೀ ಅತ್ತಿಂದಿತ್ತ ಓಡುತ್ತಿರುತ್ತದೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಯಂತ್ರದ ಚಕ್ರಗಳು ತಿರುಗುತ್ತಲೇ ಇರುತ್ತವೆ. ಎರಡು ವಸ್ತುಗಳು ಒಂದಕ್ಕೊಂದು ಉಜ್ಜಿದಾಗ ಘರ್ಷಣೆ ಉಂಟಾಗುತ್ತದೆ. ಘರ್ಷಣೆಯಿಂದ ವಸ್ತು ಸವೆಯುತ್ತದೆ. ಆದ್ದರಿಂದಲೇ ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಾರೆ.

ನಿಮ್ಮ ದೇಹದಲ್ಲಿಯೂ ಇಂತಹ ಕೀಲುಗಳಿವೆ. ತೊಡೆಮೂಳೆಯ ತುದಿ ಚೆಂಡಿನಂತೆ ದುಂಡಗಿದ್ದು, ಸೊಂಟದ ಮೂಳೆಯ ಗುಳಿಯಲ್ಲಿ ಕೂತಿರುತ್ತದೆ. ಇದೇ ಚೆಂಡು-ಗುಳಿ ಕೀಲು. ಎರಡರ ಮೇಲೂ ನುಣುಪಾದ ಮೃದ್ವಸ್ಥಿ ಇರುತ್ತದೆ. ವಯಸ್ಸಾದಂತೆ ಕೆಲವರಲ್ಲಿ ಇದು ಸವೆದು, ಒಂದು ಹೆಜ್ಜೆ ಇಡುವುದೂ ಕಷ್ಟವಾಗುತ್ತದೆ. ಇಂಥವರಿಗೆ ಕೃತಕ ಕೀಲು ಜೋಡಿಸಿ ಮತ್ತೆ ನಡೆಯುವಂತೆ ಮಾಡಿದವರಲ್ಲಿ ಪ್ರಮುಖರು ಜಾನ್ ಚಾರ್ನ್ಲಿ.

ಚಾರ್ನ್ಲಿ ಹುಟ್ಟಿದ್ದು 1911ರ ಆಗಸ್ಟ್ 29ರಂದು, ಇಂಗ್ಲೆಂಡಿನ ಬರಿ ಎಂಬ ಊರಿನಲ್ಲಿ. ಅದು ಹತ್ತಿ ಬಟ್ಟೆ ಗಿರಣಿಗಳಿಗೆ ಹೆಸರಾದ ಲ್ಯಾಂಕಾಶೈರ್ ಪ್ರಾಂತ್ಯ. ತಂದೆ ಔಷಧಿ ಅಂಗಡಿ ನಡೆಸುತ್ತಿದ್ದರು, ತಾಯಿ ದಾದಿಯಾಗಿದ್ದರು. ಮ್ಯಾಂಚೆಸ್ಟರಿನಲ್ಲಿ ಓದಿ 1935ರಲ್ಲಿ ಅವರು ವೈದ್ಯರಾದರು. ಮುಂದೆ ಮೂಳೆ ತಜ್ಞರಾಗಿ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ದುಡಿದರು.

ಒಮ್ಮೆ ಅವರ ಬಳಿಗೆ ಒಬ್ಬ ರೋಗಿ ಬಂದ. ಅವನಿಗೆ ಬೇರೆಡೆ ಪ್ಲಾಸ್ಟಿಕ್ ಚೆಂಡೊಂದನ್ನು ಜೋಡಿಸಿದ್ದರು. ಅವನು ಮುಂದಕ್ಕೆ ಬಾಗಿದರೆ ಸಾಕು, ಎಣ್ಣೆ ಕಾಣದ ಗಾಡಿಯಂತೆ ಕೀಲು ಕಿರ್ರೆನ್ನುತ್ತಿತ್ತು! ಆ ಶಬ್ದ ತಾಳಲಾರದೆ ಹೆಂಡತಿ ಎದ್ದು ಹೋಗುತ್ತಿದ್ದರಂತೆ. ಬೇರೆಯವರು ನಕ್ಕು ಸುಮ್ಮನಾಗಬಹುದಿತ್ತು. ಚಾರ್ನ್ಲಿ ಮಾತ್ರ ಯೋಚಿಸಿದರು. ಶಬ್ದ ಬರುತ್ತಿದೆ ಎಂದರೆ ಘರ್ಷಣೆ ಹೆಚ್ಚಾಗಿದೆ. ಘರ್ಷಣೆ ಹೆಚ್ಚಾದರೆ ಕೀಲು ಸಡಿಲವಾಗುತ್ತದೆ.

ಹಾಗಾದರೆ ಜಾರುವ ವಸ್ತು ಯಾವುದು? ಅಂಟದ ಬಾಣಲೆಗೆ ಬಳಿಯುವ ಟೆಫ್ಲಾನ್ ಅವರ ನೆನಪಿಗೆ ಬಂತು. 1958ರ ಹೊತ್ತಿಗೆ ಲೋಹದ ಚೆಂಡು, ಟೆಫ್ಲಾನ್ ಗುಳಿ ಇರುವ ಕೀಲನ್ನು ಜೋಡಿಸತೊಡಗಿದರು. ಚೆಂಡನ್ನು ಕೇವಲ 22 ಮಿಲಿಮೀಟರ್‌ಗೆ ಇಳಿಸಿದರು. ಅಚ್ಚು ಸಣ್ಣದಾದಷ್ಟೂ ಚಕ್ರ ಸುಲಭವಾಗಿ ತಿರುಗುತ್ತದೆ ಅಲ್ಲವೇ? ಇದೂ ಹಾಗೆಯೇ. ಸುಮಾರು 300 ರೋಗಿಗಳು ನೋವಿಲ್ಲದೆ ನಡೆದರು. ಎಲ್ಲರಿಗೂ ಸಂತೋಷವಾಯಿತು.

ಆದರೆ ಈ ಸಂತೋಷ ಉಳಿಯಲಿಲ್ಲ. ಎರಡು ಮೂರು ವರ್ಷಗಳಲ್ಲಿಯೇ ಟೆಫ್ಲಾನ್ ಸವೆದುಹೋಯಿತು. ಸವೆದ ಪುಡಿ ಸುತ್ತಲಿನ ಅಂಗಾಂಶವನ್ನು ಕೆಡಿಸಿತು. ಚಾರ್ನ್ಲಿ ತಪ್ಪನ್ನು ಮುಚ್ಚಿಡಲಿಲ್ಲ. ನೊಂದವರಿಗೆ ತಾವೇ ಮತ್ತೆ ಶಸ್ತ್ರಚಿಕಿತ್ಸೆ ಮಾಡಿದರು. ಆ ಪುಡಿ ನಿಜಕ್ಕೂ ಹಾನಿಕರವೇ ಎಂದು ತಿಳಿಯಲು ಅದನ್ನು ತಮ್ಮ ತೊಡೆಗೇ ಚುಚ್ಚಿಕೊಂಡರು. ಅಲ್ಲಿ ಗಂಟುಗಳು ಎದ್ದವು. (ಇಂಥ ಪ್ರಯೋಗವನ್ನು ನೀವು ಎಂದೂ ಮಾಡಬಾರದು!) ಅವರಿಗೆ ಒಂದು ಸತ್ಯ ಹೊಳೆಯಿತು: ವಸ್ತು ಜಾರಿದರೆ ಸಾಲದು, ಸವೆಯಲೂಬಾರದು.

1962ರಲ್ಲಿ ಒಬ್ಬ ಮಾರಾಟಗಾರ ಆಸ್ಪತ್ರೆಯ ಕಾರ್ಯಾಗಾರಕ್ಕೆ ಹೊಸ ಪ್ಲಾಸ್ಟಿಕ್ಕಿನ ತುಂಡೊಂದನ್ನು ತಂದ. ಅದು ಲ್ಯಾಂಕಾಶೈರಿನ ಮಗ್ಗಗಳ ಬಿಡಿಭಾಗಕ್ಕೆ ಬಳಸುತ್ತಿದ್ದ ಗಟ್ಟಿ ಪಾಲಿಥೀನ್. ಚಾರ್ನ್ಲಿಗೆ ಮೊದಲು ಅದು ಹಿಡಿಸಲಿಲ್ಲ. ಆದರೆ ಕಾರ್ಯಾಗಾರದ ಹ್ಯಾರಿ ಕ್ರೇವನ್ ತಾವು ಮಾಡಿದ್ದ ಉಜ್ಜುವ ಯಂತ್ರದಲ್ಲಿ ಅದನ್ನು ಇಟ್ಟೇಬಿಟ್ಟರು. ಟೆಫ್ಲಾನ್ ಒಂದು ದಿನದಲ್ಲಿ ಸವೆದಷ್ಟು ಇದು ಮೂರು ವಾರವಾದರೂ ಸವೆದಿರಲಿಲ್ಲ! ಅದನ್ನು ನೋಡಿ ಚಾರ್ನ್ಲಿ ತಮ್ಮ ಅಭಿಪ್ರಾಯ ಬದಲಿಸಿದರು. ಅದೇ ವರ್ಷ ನವೆಂಬರಿನಲ್ಲಿ ಹೊಸ ಕೀಲನ್ನು ರೋಗಿಗೆ ಜೋಡಿಸಿದರು. ಅಂತಹ ಕೀಲುಗಳಲ್ಲಿ ಹಲವು ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಿದವು.

ಸವೆತಕ್ಕೆ ಒಬ್ಬ ಜೊತೆಗಾರನಿದ್ದಾನೆ. ಅದೇ ತುಕ್ಕು. ನಮ್ಮ ದೇಹದ ದ್ರವಗಳಲ್ಲಿ ಉಪ್ಪು ಇದೆ. ಅಲ್ಲಿ ಸಾದಾ ಕಬ್ಬಿಣ ಉಳಿಯದು. ಅದಕ್ಕೇ ಕ್ರೋಮಿಯಂ ಬೆರೆತ ಸ್ಟೀಲ್ ಬಳಸಿದರು. ಅದರ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಮೂಡಿ ಲೋಹವನ್ನು ಕಾಯುತ್ತದೆ. ಆದರೆ ಉಜ್ಜಿದಾಗ ಪೊರೆ ಕಿತ್ತುಹೋಗಿ, ಲೋಹ ಕೊರೆಯತೊಡಗುತ್ತದೆ. ಚೆಂಡು, ಗುಳಿ ಎರಡನ್ನೂ ಲೋಹದಿಂದಲೇ ಮಾಡಿದ ಕೀಲುಗಳೂ ಬಳಕೆಯಲ್ಲಿದ್ದವು. ಕೆಲವು ಮಾದರಿಗಳಲ್ಲಿ ಸವೆತ, ತುಕ್ಕು ಎರಡೂ ಸೇರಿ ಕೋಬಾಲ್ಟ್ ಮತ್ತು ಕ್ರೋಮಿಯಂ ರಕ್ತಕ್ಕೆ ಸೇರಿದವು. 2010ರಲ್ಲಿ ಅಂಥ ಒಂದು ಮಾದರಿಯನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಭಾರತದಲ್ಲಿಯೂ ಅನೇಕರು ತೊಂದರೆಪಟ್ಟರು. ಚಾರ್ನ್ಲಿ ಕಲಿತ ಪಾಠವನ್ನು ಜಗತ್ತು ಮತ್ತೊಮ್ಮೆ ಕಲಿಯಬೇಕಾಯಿತು.

ಚಾರ್ನ್ಲಿಗೆ 1974ರಲ್ಲಿ ಲಾಸ್ಕರ್ ಪ್ರಶಸ್ತಿ, 1977ರಲ್ಲಿ ಸರ್ ಪದವಿ ದೊರೆತವು. 1982ರ ಆಗಸ್ಟ್ 5ರಂದು ಅವರು ನಿಧನರಾದರು. ತಮ್ಮ ಮರಣದ ನಂತರ ಕೀಲನ್ನು ಪರೀಕ್ಷೆಗೆ ಕೊಡಬೇಕೆಂದು ಅವರು ರೋಗಿಗಳನ್ನು ಕೇಳಿಕೊಳ್ಳುತ್ತಿದ್ದರು. ಎಷ್ಟು ಸವೆದಿದೆ ಎಂದು ಅಳೆದು ನೋಡದೆ ಅವರಿಗೆ ಸಮಾಧಾನವಿರಲಿಲ್ಲ.

ಮಕ್ಕಳೇ, ಇನ್ನು ಮುಂದೆ ಮಗ್ಗದ ಸದ್ದು ಕೇಳಿದಾಗ ಮಗ್ಗದ ಬಿಡಿಭಾಗದಿಂದ ಬಂದ ಈ ಕೀಲನ್ನು ನೆನೆಯಿರಿ. ನಿಮ್ಮ ಪ್ರಯೋಗ ತಪ್ಪಾದರೆ ಅಳಿಸಿಹಾಕಬೇಡಿ, ಬರೆದಿಡಿ. ಮುಂದಿನ ದಾರಿ ಅಲ್ಲಿಯೇ ಇರಬಹುದು.

ಮಾಡಿ ನೋಡಿ

ಬಣ್ಣ ಬಳಿದ ಎರಡು ತಗಡಿನ ಮುಚ್ಚಳ ತೆಗೆದುಕೊಳ್ಳಿ. ಶಿಕ್ಷಕರ ನೆರವಿನಿಂದ ಒಂದರ ಮೇಲೆ ಮೊಳೆಯಿಂದ ಆಳವಾಗಿ ಗೀರಿ. ಎರಡನ್ನೂ ಉಪ್ಪುನೀರಿನಲ್ಲಿ ಒಂದು ವಾರ ಇಡಿ. ಗೀರಿದ ಜಾಗದಲ್ಲಿ ಏನಾಯಿತು? ಯಾಕೆ?