ಗೋವಾ ದಾರಿಯಲ್ಲಿ ಸಿಗುವ ರಾಯಣ್ಣ

ಸೆಮ್ ಎಕ್ಸಾಮ್ ಮುಗೀತು ಅಂದ್ರೆ ಹಾಸ್ಟೆಲ್‌ನಲ್ಲಿ ಒಂದೇ ಮಾತು, ಗೋವಾ. ನಾವು ನಾಲ್ವರು, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಹೀಗೆ ಊರಿಗೊಬ್ಬರು. ನಾಲ್ಕೂ ಊರಿಗೆ ರೈಲಿಲ್ಲ. ಧಾರವಾಡಕ್ಕೆ ಹೋಗಿ ಟ್ರೇನ್ ಹಿಡಿದ್ರೆ ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ ದಾಟಿ ಮಡಗಾಂವ್. ಬೆಳಗಾವಿಯಿಂದ ಬಸ್ ಹತ್ತಿದ್ರೆ ಚೋರ್ಲಾ ಘಾಟಿ ಇಳಿದು ಪಣಜಿ. ಬೈಕ್ ಇದ್ದವರಿಗೆ ಮೂರನೇ ದಾರಿ ಉಂಟು: ಕಿತ್ತೂರು, ಬೀಡಿ, ನಂದಗಡ ಹಾದು ಅನಮೋಡ ಘಾಟಿ. ಸಂಗೊಳ್ಳಿ ರಾಯಣ್ಣ ಓಡಾಡಿದ ನೆಲ ಇದೇ.

ರಾಯಣ್ಣ ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯವನು. ಕಿತ್ತೂರು ಸಂಸ್ಥಾನದಲ್ಲಿ ಶೇತಸನದಿ ಆಗಿದ್ದ. ಅಂದ್ರೆ ಸಂಬಳದ ಬದಲು ಹೊಲ, ಹೊಲಕ್ಕೆ ಪ್ರತಿಯಾಗಿ ಸಂಸ್ಥಾನದ ಚಾಕರಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನವರ ಎದುರು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಗೆದ್ದಿತು. ಚೆನ್ನಮ್ಮ ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರಲ್ಲಿ ಅವರು ಅಲ್ಲೇ ತೀರಿಕೊಂಡರು.

ಆ ಯುದ್ಧದಲ್ಲಿ ಸಿಕ್ಕಿಬಿದ್ದಿದ್ದ ರಾಯಣ್ಣನನ್ನು ಕಂಪನಿ ಬಿಟ್ಟು ಕಳಿಸಿತ್ತು. ಆದ್ರೆ ಅವನ ಹೊಲ ಕಿತ್ತುಕೊಂಡಿತು, ಉಳಿದ ತುಂಡಿಗೆ ಕಂದಾಯ ಏರಿಸಿತು. ಹೊಲ ಕಳೆದುಕೊಂಡವನು ಅವನೊಬ್ಬನೇ ಅಲ್ಲ. ಹಾಗಾಗಿಯೇ ಜನ ಅವನ ಹಿಂದೆ ಬಂದರು. ದತ್ತುಮಗ ಶಿವಲಿಂಗಪ್ಪನನ್ನು ಮತ್ತೆ ಗಾದಿಗೆ ಕೂರಿಸಬೇಕು ಅನ್ನೋದು ಗುರಿ. 1830ರ ಶುರುವಿನಲ್ಲಿ ಬೀಡಿಯ ಕಚೇರಿಗೆ ಬೆಂಕಿ ಬಿತ್ತು. ನಂದಗಡ ಲೂಟಿಯಾಯ್ತು. ನಂದಗಡ ಆಗ ಗೋವಾ ಕಡೆಯಿಂದ ಉಪ್ಪು, ತೆಂಗಿನಕಾಯಿ ಬರ್ತಿದ್ದ ವ್ಯಾಪಾರದ ಪೇಟೆ. ಕಂಪನಿಗೆ ಬಂದೂಕು, ಕುದುರೆ ಎಲ್ಲ ಇತ್ತು. ರಾಯಣ್ಣನಿಗೆ ಇದ್ದದ್ದು ಕಾಡಿನ ಕಾಲುದಾರಿ. ಇವತ್ತು ಇಲ್ಲಿ ಹೊಡೆದು ನಾಳೆ ಇನ್ನೆಲ್ಲೋ ಇರ್ತಿದ್ದ. ಬೆನ್ನಟ್ಟಿ ಹಿಡಿಯೋಕೆ ಆಗಲಿಲ್ಲ.

ಕೊನೆಗೆ ಹಿಡಿದುಕೊಟ್ಟದ್ದು ನಮ್ಮ ಕಡೆಯವರೇ. 1830ರ ಏಪ್ರಿಲ್‌ನಲ್ಲಿ ಹಳ್ಳದಲ್ಲಿ ಸ್ನಾನಕ್ಕೆ ಇಳಿದಾಗ ಆಯುಧ ಕೈಯಲ್ಲಿರಲಿಲ್ಲ. ಅದನ್ನೇ ಕಾದಿದ್ದವರು ಮೋಸದಿಂದ ಹಿಡಿದರು. 1831ರ ಜನವರಿ 26ರಂದು ನಂದಗಡದ ಹೊರಗೆ ಆಲದ ಮರಕ್ಕೆ ಗಲ್ಲಿಗೇರಿಸಿದರು.

ಅವನ ಜಯಂತಿ ಆಗಸ್ಟ್ 15, ಸತ್ತದ್ದು ಜನವರಿ 26. ಎರಡೂ ದಿನ ನಾವು ಧ್ವಜ ಹಾರಿಸಿ ಲಾಡು ತಿಂದವರೇ. ಇಂಗ್ಲಿಷ್ ಮೀಡಿಯಂ ಸ್ಕೂಲಲ್ಲಿ ಓದಿದ ನಮಗೆ ಈ ಲೆಕ್ಕ ಹೊಳೆದದ್ದು ಮಾತ್ರ ಈಗ. ಸಿನಿಮಾ ನೋಡಿ ಶಿಳ್ಳೆ ಹೊಡೆದಿದ್ವಿ, ಅಷ್ಟೇ.

ಅದಕ್ಕೇ ಈ ಸಲ ಬೈಕಿನ ದಾರಿಯನ್ನೇ ಆರಿಸಿಕೊಂಡ್ವಿ. ನಂದಗಡದ ಸಮಾಧಿ ಹತ್ತಿರದ ಆಲದ ಮರಕ್ಕೆ ಮಕ್ಕಳಾಗಲಿ ಅಂತ ಜನ ಹರಕೆ ಹೊತ್ತು ತೊಟ್ಟಿಲು ಕಟ್ತಾರೆ. ಹುಟ್ಟೋ ಮಗು ರಾಯಣ್ಣನಂಥದ್ದೇ ಆಗಲಿ ಅಂತ ಆಸೆ ಇರಬೇಕು.

ಬೆಂಗಳೂರಿಗೆ ಹೋದಾಗ ಟ್ರೇನ್ ಇಳಿಯೋದು ಅವನ ಹೆಸರಿನ ಸ್ಟೇಷನ್ನಲ್ಲೇ. ಅವನ ಊರು ಸಂಗೊಳ್ಳಿಗೆ ಮಾತ್ರ ಇನ್ನೂ ರೈಲಿಲ್ಲ. ನೀವೂ ಗೋವಾ ಪ್ಲ್ಯಾನ್ ಹಾಕಿದ್ರೆ ನಂದಗಡದಲ್ಲಿ ಅರ್ಧ ತಾಸು ಗಾಡಿ ನಿಲ್ಲಿಸಿ. ಸಮುದ್ರ ಎಲ್ಲಿಗೂ ಹೋಗಲ್ಲ.