ಜೇಮ್ಸ್ ಕ್ರೋಲ್

ಜೇಮ್ಸ್ ಕ್ರೋಲ್ (ಜನವರಿ 2, 1821 – ಡಿಸೆಂಬರ್ 15, 1890) ಸ್ಕಾಟ್ಲೆಂಡಿನ ವಿಜ್ಞಾನಿ. ಭೂಮಿಯ ಕಕ್ಷೆಯಲ್ಲಿ ಉಂಟಾಗುವ ಅಲ್ಪ ವ್ಯತ್ಯಾಸಗಳು ಹಿಮ ಮತ್ತು ಸಾಗರ ಪ್ರವಾಹಗಳ ಮೂಲಕ ಹಿಗ್ಗಿ ಹಿಮಯುಗಗಳನ್ನು ತರುತ್ತವೆ ಎಂಬ ಸಿದ್ಧಾಂತವನ್ನು ವಿಸ್ತಾರವಾಗಿ ರೂಪಿಸಿದವರಲ್ಲಿ ಇವರು ಮೊದಲಿಗರು.

ಬಾಲ್ಯ ಮತ್ತು ಜೀವನೋಪಾಯ

ಕ್ರೋಲ್ ಪರ್ತ್‌ಷೈರ್ ಪ್ರಾಂತದ ಲಿಟಲ್ ವೈಟ್‌ಫೀಲ್ಡ್ ಎಂಬಲ್ಲಿ ಜನಿಸಿದರು. ತಂದೆ ಕಲ್ಲುಕೆಲಸದವರು. ಮನೆಯ ಬಡತನದಿಂದಾಗಿ ಹದಿಮೂರರ ವಯಸ್ಸಿಗೇ ಶಾಲೆ ನಿಂತುಹೋಯಿತು. ಅದಕ್ಕೆ ಮುನ್ನವೇ ‘ಪೆನ್ನಿ ಮ್ಯಾಗಜೀನ್’ ಎಂಬ ಅಗ್ಗದ ಪತ್ರಿಕೆ ಓದಿನ ಗೀಳನ್ನು ಹಚ್ಚಿತ್ತು. ಮುಂದೆ ಭೌತಶಾಸ್ತ್ರವನ್ನೂ ತತ್ತ್ವಶಾಸ್ತ್ರವನ್ನೂ ಅವರು ತಾವೇ ಓದಿ ಕಲಿತರು. ಗಿರಣಿ ಯಂತ್ರಗಳ ಕೆಲಸ, ಬಡಗಿತನ, ಎಲ್ಗಿನ್ ಪಟ್ಟಣದಲ್ಲಿ ಚಹಾ ಅಂಗಡಿ, ಬ್ಲೇರ್‌ಗೌರಿಯಲ್ಲಿ ಮದ್ಯವಿಲ್ಲದ ಹೋಟೆಲು, ವಿಮಾ ಏಜೆಂಟಿಕೆ ಹೀಗೆ ಒಂದಾದ ಮೇಲೊಂದು ವೃತ್ತಿ ಹಿಡಿದರೂ ಯಾವುದೂ ಕೈಹತ್ತಲಿಲ್ಲ. ಮೊಣಕೈ ನೋವು ಬಡಗಿತನಕ್ಕೆ ಅಡ್ಡಿಯಾಯಿತು.

1859ರಲ್ಲಿ ಗ್ಲಾಸ್ಗೋ ನಗರದ ಆಂಡರ್ಸನ್ ಕಾಲೇಜಿನ ವಸ್ತುಸಂಗ್ರಹಾಲಯದಲ್ಲಿ ಪಾಲಕನ ಕೆಲಸ ದೊರೆಯಿತು. ಸಂಬಳ ಅಲ್ಪವಾದರೂ ಒಳ್ಳೆಯ ಗ್ರಂಥಾಲಯ ಕೈಗೆಟುಕಿತು. ತಮ್ಮ ಡೇವಿಡ್ ಕೆಲಸದಲ್ಲಿ ನೆರವಾಗುತ್ತಿದ್ದುದರಿಂದ ಓದಲು ಬಿಡುವೂ ಸಿಕ್ಕಿತು. ಇವರ ಜೀವನದ ನಿಜವಾದ ತಿರುವು ಇದೇ.

ಹಿಮಯುಗದ ಸಿದ್ಧಾಂತ

ಅಕ್ಷದ ನಿಧಾನ ತಿರುಗುವಿಕೆಯೇ ಹಿಮಯುಗಕ್ಕೆ ಕಾರಣವೆಂದು ಫ್ರಾನ್ಸಿನ ಜೋಸೆಫ್ ಅದೆಮಾರ್ 1842ರಲ್ಲಿ ಹೇಳಿದ್ದರು. ಆದರೆ ಭೂಮಿಗೆ ವರ್ಷದಲ್ಲಿ ದೊರೆಯುವ ಒಟ್ಟು ಶಾಖ ಹೆಚ್ಚುಕಡಮೆ ಅಷ್ಟೇ ಇರುತ್ತದೆ ಎಂಬ ಆಕ್ಷೇಪಕ್ಕೆ ಅಲ್ಲಿ ತೃಪ್ತಿಕರ ಉತ್ತರವಿರಲಿಲ್ಲ. 1864ರಲ್ಲಿ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಪ್ರಕಟವಾದ ಪ್ರಬಂಧದಿಂದ ಮೊದಲುಗೊಂಡು ಕ್ರೋಲ್ ಈ ತೊಡಕನ್ನು ಬಿಡಿಸಲು ಯತ್ನಿಸಿದರು. ಲೆವೆರಿಯೆ ಅವರ ಸೂತ್ರಗಳನ್ನು ಬಳಸಿ ಹಿಂದಿನ 30 ಲಕ್ಷ ಹಾಗೂ ಮುಂದಿನ 10 ಲಕ್ಷ ವರ್ಷಗಳಲ್ಲಿ ಕಕ್ಷೆ ಎಷ್ಟು ನೀಳವಾಗುತ್ತದೆ ಎಂಬುದನ್ನು ಕೈಲೆಕ್ಕದಲ್ಲೇ ಕಂಡುಕೊಂಡರು.

ಇವರ ವಾದದ ಸರಣಿ ಹೀಗಿದೆ. ಕಕ್ಷೆ ಹೆಚ್ಚು ನೀಳವಾಗಿದ್ದು, ಒಂದು ಗೋಳಾರ್ಧದ ಚಳಿಗಾಲ ಸೂರ್ಯನಿಂದ ಭೂಮಿ ಅತಿ ದೂರವಿರುವಾಗ ಬಂದರೆ ಅಲ್ಲಿ ಹಿಮ ಹೆಚ್ಚು ಸಂಗ್ರಹವಾಗುತ್ತದೆ. ಬಿಳಿಯ ಹಿಮ ಬಿಸಿಲನ್ನು ಹಿಂದಕ್ಕೆ ಕಳುಹಿಸುವುದರಿಂದ ಚಳಿ ಇನ್ನೂ ಬಲಿಯುತ್ತದೆ. ಧ್ರುವಕ್ಕೂ ಸಮಭಾಜಕಕ್ಕೂ ಇರುವ ತಾಪದ ಅಂತರ ಹೆಚ್ಚಿ ಆ ಗೋಳಾರ್ಧದ ವಾಣಿಜ್ಯ ಮಾರುತಗಳು ಬಲಗೊಳ್ಳುತ್ತವೆ. ಅವು ಸಮಭಾಜಕದ ಬಿಸಿನೀರನ್ನು ಇನ್ನೊಂದು ಗೋಳಾರ್ಧದ ಕಡೆಗೆ ತಳ್ಳುತ್ತವೆ. ಬ್ರೆಜಿಲ್‌ನ ಸಾವೊ ರೋಕಿ ಭೂಶಿರದ ಬಳಿ ಪ್ರವಾಹ ಕವಲೊಡೆಯುವುದನ್ನು ಕ್ರೋಲ್ ವಿಶೇಷವಾಗಿ ಗಮನಿಸಿದ್ದರು. ಪ್ರವಾಹ ತುಸು ದಕ್ಷಿಣಕ್ಕೆ ಸರಿದರೂ ಗಲ್ಫ್ ಪ್ರವಾಹಕ್ಕೆ ಸೇರಬೇಕಾದ ನೀರು ಬ್ರೆಜಿಲ್ ಪ್ರವಾಹದ ಪಾಲಾಗಿ ಯುರೋಪು ತನ್ನ ಶಾಖವನ್ನು ಕಳೆದುಕೊಳ್ಳುತ್ತದೆ. ಹಿಮ ಬೆಳೆದಂತೆ ಸಾಗರ ಬದಲಾಗುತ್ತದೆ, ಸಾಗರ ಬದಲಾದಂತೆ ಹಿಮ ಇನ್ನಷ್ಟು ಬೆಳೆಯುತ್ತದೆ. ಸಿದ್ಧಾಂತದ ತಿರುಳು ಇರುವುದು ಇಲ್ಲಿಯೇ.

ಕೇತ್‌ನೆಸ್ ಪ್ರದೇಶದ ಬಂಡೆಗಲ್ಲು ಮಿಶ್ರಿತ ಜೇಡಿಯಲ್ಲಿ ಪುಡಿಯಾದ ಕಡಲಚಿಪ್ಪುಗಳಿದ್ದುದು ಆಗಿನವರಿಗೆ ಒಗಟಾಗಿತ್ತು. ಸ್ಕ್ಯಾಂಡಿನೇವಿಯದ ಹಿಮಹೊದಿಕೆ ಉತ್ತರ ಸಮುದ್ರದ ತಳವನ್ನೇ ತುಂಬಿ, ಸ್ಕಾಟ್ಲೆಂಡಿನ ಹಿಮವನ್ನು ಕೇತ್‌ನೆಸ್ ಮೇಲೆ ಹೊರಳಿಸಿತು, ಚಿಪ್ಪುಗಳು ಕಡಲತಳದಿಂದ ಬಂದವು ಎಂದು ಕ್ರೋಲ್ 1870ರಲ್ಲಿ ವಿವರಿಸಿದರು.

ಎಡಿನ್‌ಬರೋ ವರ್ಷಗಳು

1867ರಲ್ಲಿ ಸ್ಕಾಟ್ಲೆಂಡಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಎಡಿನ್‌ಬರೋ ಕಚೇರಿಗೆ ಸೇರಿದರು. ಪ್ರವೇಶ ಪರೀಕ್ಷೆಯಲ್ಲಿ ಅಂಕಗಣಿತ ಮತ್ತು ಇಂಗ್ಲಿಷ್ ರಚನೆಯಲ್ಲಿ ಅನುತ್ತೀರ್ಣರಾದರು. ಲಕ್ಷಾಂತರ ವರ್ಷಗಳ ಕಕ್ಷೆಯನ್ನು ಲೆಕ್ಕ ಹಾಕಿದ್ದವರು ಇವರೇ! ಪ್ರಕಟಿತ ಬರಹಗಳನ್ನು ಪರಿಗಣಿಸಿ ಕೆಲಸ ಕೊಡಲಾಯಿತು. 1875ರಲ್ಲಿ ಮುಖ್ಯ ಕೃತಿ ‘ಕ್ಲೈಮೇಟ್ ಅಂಡ್ ಟೈಮ್’ ಹೊರಬಂದಿತು. ಮರುವರ್ಷ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಚಾರ್ಲ್ಸ್ ಡಾರ್ವಿನ್ ಜೀವಿಗಳ ಭೌಗೋಳಿಕ ಹಂಚಿಕೆಯನ್ನು ವಿವರಿಸುವಾಗ ಇವರ ಸಿದ್ಧಾಂತವನ್ನು ಬಳಸಿಕೊಂಡರು. ಸಾಗರ ಪ್ರವಾಹಗಳಿಗೆ ಗಾಳಿಯೇ ಕಾರಣವೆಂದು ಕ್ರೋಲ್, ನೀರಿನ ಸಾಂದ್ರತೆಯ ವ್ಯತ್ಯಾಸವೆಂದು ವಿಲಿಯಂ ಕಾರ್ಪೆಂಟರ್ ದೀರ್ಘಕಾಲ ವಾದಿಸಿದರು. ಎರಡೂ ಪಾಲ್ಗೊಳ್ಳುತ್ತವೆ ಎಂಬುದು ಇಂದಿನ ತಿಳಿವಳಿಕೆ.

ತಲೆಯ ಬೇನೆಯಿಂದ ಹೆಚ್ಚು ಹೊತ್ತು ಬರೆಯಲಾಗದೆ 1880ರಲ್ಲಿ ನಿವೃತ್ತರಾದರು. ಕಡಿಮೆ ಸೇವಾವಧಿಯ ಕಾರಣ ಪಿಂಚಣಿ ಅಲ್ಪವಾಗಿತ್ತು. ಪರ್ತ್ ಪಟ್ಟಣದಲ್ಲಿ ನಿಧನರಾದರು.

ನಂತರದ ಮೌಲ್ಯಮಾಪನ

ಕ್ರೋಲ್ ಲೆಕ್ಕದಂತೆ ಕೊನೆಯ ಹಿಮಯುಗ ಸುಮಾರು 80,000 ವರ್ಷಗಳ ಹಿಂದೆ ಮುಗಿದಿರಬೇಕಿತ್ತು. ಹಿಮ ಕರಗಿದ್ದು ಅದಕ್ಕಿಂತ ಬಹಳ ಈಚೆಗೆ ಎಂದು ಭೂವಿಜ್ಞಾನದ ಪುರಾವೆಗಳು ತೋರಿಸಿದ್ದರಿಂದ ಸಿದ್ಧಾಂತ ಮೂಲೆಗುಂಪಾಯಿತು. ಉತ್ತರ, ದಕ್ಷಿಣ ಗೋಳಾರ್ಧಗಳ ಹಿಮಯುಗಗಳು ಸರದಿಯಂತೆ ಬರುತ್ತವೆ ಎಂಬ ಮಾತೂ ನಿಲ್ಲಲಿಲ್ಲ. ಚಳಿಗಾಲಕ್ಕಿಂತ ಉತ್ತರದ ಬೇಸಿಗೆಯ ಬಿಸಿಲು ಮುಖ್ಯವೆಂದು ಸೆರ್ಬಿಯದ ಮಿಲುಟಿನ್ ಮಿಲಾಂಕೊವಿಚ್ ಇಪ್ಪತ್ತನೆಯ ಶತಮಾನದಲ್ಲಿ ಲೆಕ್ಕವನ್ನು ತಿದ್ದಿದರು. 1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ದಕ್ಷಿಣ ಹಿಂದೂ ಮಹಾಸಾಗರದ ತಳದಿಂದ ತೆಗೆದ ಕೆಸರಿನ ಪದರಗಳಲ್ಲಿ ಕಕ್ಷೆಯ ಆವರ್ತಗಳನ್ನು ಗುರುತಿಸಿದರು.